ದೊಡ್ಡ ಹೂವಿನ ಬಟ್ಟೆಗೆ ಒಪ್ಪುವ ಕೌದಿ

ಅಂಗೈಗಿಂತ ದೊಡ್ಡ ದಾಸವಾಳ ಇರೋ ಬಟ್ಟೆ ಕಂಡರೆ ಯಾರಿಗಾದರೂ ಆಸೆ ಆಗುತ್ತದೆ. ಮನೆಗೆ ತಂದು ಎರಡೆರಡು ಇಂಚಿನ ಚೌಕ ಕತ್ತರಿಸಿದಿರೋ, ಮುಗೀತು. ಒಂದು ತುಂಡಿನಲ್ಲಿ ಬರೀ ಕೆಂಪು, ಇನ್ನೊಂದರಲ್ಲಿ ಎಲೆಯ ತುದಿ, ಹೂ ಮಾತ್ರ ಎಲ್ಲೂ ಇಲ್ಲ. ಹೂವಿನ ಅಳತೆ ಮೊದಲು, ಚೌಕದ ಅಳತೆ ಆಮೇಲೆ. ಎಂಟೊಂಬತ್ತು ಇಂಚಿನ ಹೂವಿಗೆ ನಾನು 12 ಇಂಚಿನ ಚೌಕ ಇಡುತ್ತೇನೆ, ಸುತ್ತ ಉಸಿರಾಡಲು ಜಾಗ ಬೇಕಲ್ಲ.

ನಮ್ಮ ಧಾರವಾಡದ ಕಡೆ ಕೌದಿ ಅಂದರೆ ಹಳೇ ಸೀರೆ, ಧೋತರ, ಕುಬಸದ ಚೂರು ಸೇರಿಸಿ ಕೈಯಿಂದ ಹೊಲಿದದ್ದು. ಇಲ್ಲಿ ಹೇಳುತ್ತಿರುವುದು ಸ್ವಲ್ಪ ಬೇರೆ: ಮೇಲಿನ ಪದರ ಮಶೀನಿನಲ್ಲಿ ಜೋಡಿಸಿ, ಒಳಗಿನ ಹೊಲಿಗೆಯನ್ನು ಕೌದಿಯ ಹಾಗೆ ಕೈಯಲ್ಲೇ ಹಾಕುವುದು. ಒಬ್ಬರ ಮಂಚಕ್ಕೆ ಅಡ್ಡ 4, ಉದ್ದ 6, ಒಟ್ಟು 24 ಚೌಕ. ಚದುರಂಗದ ಮಣೆಯ ಹಾಗೆ 12 ಹೂವಿನವು, 12 ಸುಮ್ಮನಿರುವಂಥವು, ಅಂದರೆ ದೊಡ್ಡ ಹೂ ಇಲ್ಲದವು. ನಡುವೆ, ಸುತ್ತ ಎರಡಿಂಚಿನ ಪಟ್ಟಿ. ಹೊಲಿದ ಮೇಲೆ 58ಕ್ಕೆ 86 ಇಂಚು ಬರುತ್ತದೆ.

ಹೂವಿನ ಬಟ್ಟೆ 44 ಇಂಚಿನ ಪನ್ನದ್ದಾದರೆ (ಪನ್ನ ಅಂದರೆ ಬಟ್ಟೆಯ ಅಗಲ) ಲೆಕ್ಕಕ್ಕೆ ಒಂದೂಕಾಲು ಮೀಟರಿನ ಮೇಲೆ ಸ್ವಲ್ಪ ಸಾಕು. ಆದರೆ ಹೂ ನಡುವೆ ಬರುವಂತೆ ಕತ್ತರಿಸುವಾಗ ಅಕ್ಕಪಕ್ಕದ್ದು ಹಾಳಾಗುತ್ತದೆ, ಎರಡೂವರೆ ಮೀಟರ್ ತನ್ನಿ. ನೈಟಿ ಬಟ್ಟೆ, ಹತ್ತಿಯ ಬೆಡ್‌ಶೀಟು ಎರಡೂ ನಡೆಯುತ್ತವೆ. ಸಿಂಥೆಟಿಕ್ ಬೇಡ, ಇಸ್ತ್ರಿಗೆ ಮಡಿಕೆ ಕೂರುವುದಿಲ್ಲ. ಕತ್ತರಿಸುವ ಮೊದಲು ಎಲ್ಲ ಬಟ್ಟೆಯನ್ನೂ ಬೇರೆಬೇರೆಯಾಗಿ ನೀರಿಗೆ ಹಾಕಿ ಒಣಗಿಸಿ. ಕಡುಗೆಂಪನ್ನು ಮಾತ್ರ ಒದ್ದೆ ಇರುವಾಗಲೇ ಬಿಳಿ ಚಿಂದಿಯಿಂದ ಒರೆಸಿ ನೋಡಿ. ಚಿಂದಿ ಗುಲಾಬಿಯಾದರೆ ಮತ್ತೆ ತೊಳೆಯಿರಿ. ಮೂರು ನೀರಾದರೂ ಬಣ್ಣ ಬಿಡುತ್ತಿದ್ದರೆ ಆ ಬಟ್ಟೆ ಕೌದಿಗೆ ಬೇಡ, ದಿಂಬಿನ ಚೀಲ ಮಾಡಿಕೊಳ್ಳಿ.

ಜೊತೆ ಬಟ್ಟೆ ಆರಿಸುವಾಗಲೇ ಎಲ್ಲರೂ ಎಡವುವುದು. ನಮ್ಮ ವೈನಿಯನ್ನು (ಅತ್ತಿಗೆ) ಅಂಗಡಿಯಲ್ಲಿ ಬಿಟ್ಟರೆ ದೊಡ್ಡ ಹೂವಿನ ಪಕ್ಕಕ್ಕೆ ಇನ್ನೊಂದು ದೊಡ್ಡ ಹೂ ಇಟ್ಟು "ಹೆಂಗ ಕಾಣಸ್ತದ ನೋಡ್ರೀ!" ಅಂತಾರೆ. ಚಂದ ಕಾಣುತ್ತದೆ ನಿಜ, ಅಂಗಡಿಯಲ್ಲಿ ಬಟ್ಟೆಯ ತಾನುಗಳಾಗಿದ್ದಾಗ. ಕೌದಿಯಲ್ಲಿ ಎರಡೂ ಜಗಳಕ್ಕೆ ಬೀಳುತ್ತವೆ. ದೊಡ್ಡ ಹೂ ಒಂದೇ ಬಗೆಯದಿರಲಿ. ಉಳಿದವು ಸಣ್ಣ ಚುಕ್ಕೆ, ಸಣ್ಣ ಚೌಕಡಿ, ಗೆರೆ, ಇಲ್ಲವೇ ಸಾದಾ. ಕುಬಸಕ್ಕೆ ಬಳಸುವ ಗುಳೇದಗುಡ್ಡದ ಖಣದ ಸಣ್ಣ ಬುಟ್ಟಾ ಇದಕ್ಕೆ ಬಹಳ ಒಪ್ಪುತ್ತದೆ, ಆದರೆ ಕತ್ತರಿಸಿದ ಕಡೆ ನೂಲು ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಹೊಲಿಗೆಯ ಅಂಚು (ಹೊಲಿಗೆಯ ಆಚೆ ಉಳಿಯುವ ಬಟ್ಟೆ) ಅರ್ಧ ಇಂಚು ಬಿಡಿ.

ಬಣ್ಣ ಎಲ್ಲಿಂದ ತೆಗೆಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮಿಲ್ಲಿನ ಹೆಸರು ಅಚ್ಚಾಗಿರುವ ಅಂಚನ್ನು ನೋಡಿ. ಕೆಲವು ಬಟ್ಟೆಗಳಲ್ಲಿ ಅಲ್ಲಿ ಬಣ್ಣದ ಚುಕ್ಕೆಗಳು ಸಾಲಾಗಿ ಇರುತ್ತವೆ, ಅಚ್ಚಿಗೆ ಬಳಸಿದ ಒಂದೊಂದು ಬಣ್ಣಕ್ಕೂ ಒಂದು. ಆ ಸಾಲನ್ನೇ ಕತ್ತರಿಸಿಕೊಂಡು ಅಂಗಡಿಗೆ ಹೋಗಿ. ನಾನು ಹೂವಿನ ಬಣ್ಣ ಬಿಟ್ಟು ಎಲೆಯ ಕಡುಹಸಿರನ್ನು ಪಟ್ಟಿಗೆ ಆರಿಸುತ್ತೇನೆ. ಬಿಳಿ ಪಟ್ಟಿ ಹೂವನ್ನು ಎತ್ತಿ ತೋರಿಸುತ್ತದೆ, ಒಪ್ಪಿದೆ, ಆದರೆ ನಮ್ಮ ಧೂಳಿಗೆ ಎಷ್ಟು ದಿನ ಬಿಳಿಯಾಗಿ ಉಳಿದೀತು? ಇನ್ನೊಂದು ಉಪಾಯ: ಆರಿಸಿದ್ದನ್ನೆಲ್ಲ ಪಕ್ಕಪಕ್ಕ ಹಾಸಿ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಎಲ್ಲವೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದರೆ ಒಂದು ತೀರ ತಿಳಿ ಬಣ್ಣದ್ದು, ಒಂದು ತೀರ ಕಡು ಬಣ್ಣದ್ದು ಸೇರಿಸಬೇಕು.

ಕತ್ತರಿಸಲು ರಟ್ಟಿನ ಕಿಟಕಿ ಮಾಡಿಕೊಳ್ಳಿ. ಹೊರಗೆ ಹನ್ನೆರಡೂವರೆ ಇಂಚಿನ ಚೌಕ, ಒಳಗೆ 12 ಇಂಚಿನ ಖಾಲಿ. ಸುತ್ತ ಉಳಿಯುವ ಕಾಲಿಂಚಿನ ರಟ್ಟೇ ಹೊಲಿಗೆಯ ಅಂಚು. ರಟ್ಟು ತೆಳುವಾಗಿದ್ದರೆ ಬಾಗುತ್ತದೆ, ಎರಡು ಪದರ ಅಂಟಿಸಿ. ಅದನ್ನು ಬಟ್ಟೆಯ ಮೇಲೆ ಜಾರಿಸುತ್ತಾ ಹೋಗಿ, ಕಿಟಕಿಯೊಳಗೆ ಕಂಡದ್ದೇ ಕೌದಿಯಲ್ಲಿ ಕಾಣುವುದು. ಹೂ ಸರೀ ನಡುವೆ ಬರಲೇಬೇಕೆಂದಿಲ್ಲ. ಹನ್ನೆರಡರಲ್ಲಿ ಮೂರ್ನಾಲ್ಕು ಮೂಲೆಗೆ ಸರಿದು ಮೊಗ್ಗು ಒಳಗೆ ಇಣುಕಿದರೆ ನೋಡಲು ಬೇಸರ ಬರುವುದಿಲ್ಲ. ದಂಟು ಇರುವ ಹೂವಾದರೆ ತಲೆಗಳೆಲ್ಲ ದಿಂಬಿನ ಕಡೆ ಇರಲಿ. ಕಿಟಕಿಯ ಹೊರಗಿನ ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆದು ಕತ್ತರಿಸಿ.

ಸುಮ್ಮನಿರುವ ಚೌಕಕ್ಕೆ ಒಂಬತ್ತು ತುಂಡು, ತಲಾ ನಾಲ್ಕೂವರೆ ಇಂಚು: ನಾಲ್ಕು ಮೂಲೆಗೂ ನಡುವಿಗೂ ಕಡು ಬಣ್ಣ, ಉಳಿದ ನಾಲ್ಕು ತಿಳಿ. ಒಟ್ಟು 60 ಕಡು, 48 ತಿಳಿ ತುಂಡು ಬೇಕು. ಖಣ ಬಳಸಿದರೆ ಅದರ ತುಂಡು ಐದು ಇಂಚಿನದು. ಪಟ್ಟಿಗಳು ಎರಡೂವರೆ ಇಂಚು ಅಗಲ, ಹನ್ನೆರಡೂವರೆ ಇಂಚು ಉದ್ದದವು 30, ಐವತ್ತೆಂಟೂವರೆ ಇಂಚಿನವು 7.

ಹೊಲಿಯುವ ಮೊದಲು ಎಲ್ಲವನ್ನೂ ನೆಲಕ್ಕೆ ಹಾಸಿ, ಕುರ್ಚಿಯ ಮೇಲೆ ನಿಂತು ನೋಡಿ. ಕೆಂಪೆಲ್ಲ ಒಂದೇ ಕಡೆ ಗುಂಪುಗೂಡಿದ್ದು ಕೆಳಗೆ ಕೂತವರಿಗೆ ಕಾಣುವುದಿಲ್ಲ. ಮನಸ್ಸಿಗೆ ಬಂದ ಮೇಲೆ ಪ್ರತಿ ತುಂಡಿಗೂ ಸಾಲಿನ ನಂಬರ್ ಬರೆದ ಚೀಟಿ ಚುಚ್ಚಿ, ಚಿಕ್ಕ ಪಟ್ಟಿ ಸೇರಿಸಿ ಸಾಲುಗಳನ್ನು ಮೊದಲು ಹೊಲಿದು ಆಮೇಲೆ ಉದ್ದ ಪಟ್ಟಿಯ ಜೊತೆ ಸೇರಿಸಿ. ಹೊಲಿಗೆಯಾದ ಕೂಡಲೇ ಇಸ್ತ್ರಿ. ಅಂಚು ಕಡು ಬಟ್ಟೆಯ ಕಡೆಗೆ ಮಡಚಿಕೊಳ್ಳಲಿ, ಇಲ್ಲದಿದ್ದರೆ ತಿಳಿ ಬಟ್ಟೆಯೊಳಗಿಂದ ನೆರಳು ಕಾಣುತ್ತದೆ.

ಕೆಳಗೆ ಹಳೇ ನೂಲಿನ ಸೀರೆ. ಐದೂವರೆ ಮೀಟರಿನ ಸೀರೆಯ ದಪ್ಪ ಅಂಚು ಬಿಚ್ಚಿ, ನಡುವೆ ಅಡ್ಡಕ್ಕೆ ಎರಡಾಗಿ ಹರಿದು, ಉದ್ದದ ಬದಿಗಳನ್ನು ಅಕ್ಕಪಕ್ಕ ಸೇರಿಸಿದರೆ ಒಂದು ಪದರ ಬರುತ್ತದೆ. ನಡುವಿಗೂ ಅಂಥದ್ದೇ ಒಂದು. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಮೂರೂ ಪದರ ಹಿಡಿಸಿ. ಕೈ ಹೊಲಿಗೆ ಎಲ್ಲ ಕಡೆ ಒಂದೇ ತೆರನ ಬೇಡ: ಒಂಬತ್ತು ತುಂಡಿನ ಚೌಕದಲ್ಲಿ ಬೆರಳಗಲದ ಅಂತರದಲ್ಲಿ ನೇರ ಸಾಲು, ಹೂವಿನ ಚೌಕದಲ್ಲಿ ಎಸಳಿನ ಗೆರೆ ಹಿಡಿದು ಸುತ್ತು. ಎಸಳುಗಳ ಒಳಗೆ ತುಂಬ ಹೊಲಿಯಬೇಡಿ, ಬಿಟ್ಟರೆ ಅವು ಸ್ವಲ್ಪ ಉಬ್ಬಿ ನಿಲ್ಲುತ್ತವೆ.

ಮೂಲೆಗಳಿಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಪದ್ಧತಿಯಿಂದ ಒಂದನ್ನು ಕಲಿಯಬಹುದು. ಅವರು ತಮ್ಮ ಕೌದಿಯ ನಾಲ್ಕೂ ಮೂಲೆಗೆ ಬಣ್ಣದ ಬಟ್ಟೆಯನ್ನು ಮಡಚಿ ಮಾಡಿದ ಪುಟ್ಟ ತ್ರಿಕೋನಗಳನ್ನು ಹೊಲಿಯುತ್ತಾರೆ, 'ಫೂಲ' ಅನ್ನುತ್ತಾರೆ. ದಾಸವಾಳ ಕತ್ತರಿಸಿ ಉಳಿದ ಚೂರು ಅದಕ್ಕೆ ಸಾಕು. ಮೂಲೆಯ ಅಂಚು ಮಡಚುವ ಮೊದಲೇ ಅವನ್ನು ಸಿಕ್ಕಿಸಬೇಕು, ಆಮೇಲೆ ಹೊಲಿಯಲು ಹೋದರೆ ಸೂಜಿ ಒಳಗೆ ಇಳಿಯುವುದಿಲ್ಲ.