ಡಿಸ್ಲೆಕ್ಸಿಯಾ ಇರುವ ಫಾರ್ಮಸಿ ವಿದ್ಯಾರ್ಥಿಗೆ ಪ್ರಾಕ್ಟಿಕಲ್ ಕಲಿಸುವಾಗ
ಫಾರ್ಮಸಿ ತರಬೇತಿಗೆ ಬರುವ ಮಕ್ಕಳಿಗೆ ಕೌಂಟರ್ ಹಿಂದಿನ ಕೆಲಸ ಕಲಿಸುವವಳು ನಾನು. ಒಮ್ಮೆ ಒಬ್ಬಳು ಹೈಡ್ರಾಲಜೀನ್ ಬರೆದಿದ್ದ ಚೀಟಿ ಹಿಡಿದು ಹೈಡ್ರಾಕ್ಸಿಜೀನ್ ಡಬ್ಬಿಗೆ ಕೈ ಹಾಕಿದಳು. ಮೊದಲನೆಯದು ಬಿಪಿಗೆ, ಎರಡನೆಯದು ತುರಿಕೆಗೆ. "ಸರಿಯಾಗಿ ನೋಡಿ ಓದಮ್ಮಾ" ಎಂದು ಎಲ್ಲರೆದುರು ಅಂದುಬಿಟ್ಟೆ. ಅವಳು ನೋಡಿಯೇ ಓದಿದ್ದಳು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ, ಪದ ಓದಲು ಕಷ್ಟವಾಗುವ ತೊಂದರೆ ಇದೆ ಅಂತ ಸಂಜೆ ಮೆಲ್ಲಗೆ ಹೇಳಿದಳು. ನಾನು ಅಂದ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಮೊದಲ ದಿನವೇ ಪ್ರತಿ ವಿದ್ಯಾರ್ಥಿಯನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಕೇಳಿ: "ಹೇಗೆ ಹೇಳಿಕೊಟ್ಟರೆ ನಿಮಗೆ ಸುಲಭ? ಯಾವ ಕೆಲಸ ಕಷ್ಟ ಅನ್ನಿಸುತ್ತೆ?" ತೊಂದರೆಯ ಹೆಸರು ಕೆದಕಬೇಡಿ. ತಾವಾಗಿ ಹೇಳಿದರೆ, ಅವರನ್ನು ಕೇಳದೆ ಬೇರೆಯವರ ಕಿವಿಗೆ ಹಾಕಬೇಡಿ.

ಒಂದೇ ತರಹ ಕಾಣುವ ಹೆಸರುಗಳ ಡಬ್ಬಿಗಳನ್ನು ಅಕ್ಕಪಕ್ಕ ಇಡಬೇಡಿ. ಶೆಲ್ಫಿನ ಲೇಬಲ್‌ನಲ್ಲಿ ಹೆಸರಿನ ಬೇರೆಯಾಗುವ ಭಾಗವನ್ನಷ್ಟೇ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ. ಚೀಟಿಯ ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದಲಿ. ಹೆಸರು, ಸ್ಟ್ರೆಂತ್ (ಒಂದು ಮಾತ್ರೆಯಲ್ಲಿ ಎಷ್ಟು ಔಷಧ ಇದೆ ಅನ್ನುವುದು), ಎಷ್ಟು ಮಾತ್ರೆ, ಒಂದೊಂದಕ್ಕೂ ಬೆರಳಿಟ್ಟು ಮೆಲ್ಲಗೆ ಹೇಳಿಕೊಳ್ಳಲಿ. ಡಬ್ಬಿ ತೆಗೆಯುವಾಗ, ಮಾತ್ರೆ ಎಣಿಸುವಾಗ, ಡಬ್ಬಿ ವಾಪಸ್ ಇಡುವಾಗ, ಹೀಗೆ ಮೂರು ಸಲ ಲೇಬಲ್ ಓದುವ ಅಭ್ಯಾಸ ಎಲ್ಲರಿಗೂ ಬೇಕು. ಡಿಸ್ಲೆಕ್ಸಿಯಾ ಇರುವವರಿಗೆ ಅದೇ ಆಸರೆ. ಎಣಿಸುವುದು ತಪ್ಪುತ್ತಿದ್ದರೆ ಟ್ರೇ ಮೇಲೆ ಐದೈದು ಮಾತ್ರೆ ಸರಿಸಲು ಕಲಿಸಿ.

ಲೆಕ್ಕಕ್ಕೆ ಜಾಸ್ತಿ ಸಮಯ ಕೊಡಿ. 5 ಎಂಎಲ್‌ನಲ್ಲಿ 125 ಎಂಜಿ ಇರುವ ಸಿರಪ್, ಬೇಕಿರುವುದು 200 ಎಂಜಿ ಅನ್ನಿ. 200 ಅನ್ನು 125ರಿಂದ ಭಾಗಿಸಿ 5ರಿಂದ ಗುಣಿಸಿದರೆ 8 ಎಂಎಲ್. ಪ್ರತಿ ಅಂಕಿಯ ಪಕ್ಕ ಎಂಜಿ, ಎಂಎಲ್ ಬರೆಸಿ. ಕ್ಯಾಲ್ಕ್ಯುಲೇಟರ್ ಬಳಸಲಿ, ಆದರೆ ಉತ್ತರ ಎಷ್ಟರ ಆಸುಪಾಸು ಬರಬಹುದು ಎಂದು ಮೊದಲೇ ಹೇಳಿಸಿ. 200 ಎಂಜಿಗೆ 5 ಎಂಎಲ್ ಸಾಲದು, 10 ಎಂಎಲ್ ಜಾಸ್ತಿ, ಅಲ್ವಾ? 80 ಬಂದರೆ ಅವರಿಗೇ ಗೊತ್ತಾಗುತ್ತದೆ. 5.0 ಎಂದು ಬರೆಯಬಾರದು, ಚುಕ್ಕೆ ಕಾಣದಿದ್ದರೆ 50 ಆಗುತ್ತದೆ. ಅರ್ಧಕ್ಕೆ ಬರೀ .5 ಅಲ್ಲ, 0.5 ಎಂದೇ ಬರೆಯಬೇಕು.

ನಾಲ್ಕು ಕೆಲಸ ಒಂದೇ ಉಸಿರಲ್ಲಿ ಹೇಳಬೇಡಿ. ಒಂದು ಮಾಡಿ ತೋರಿಸಿ, ಅವರಿಂದ ಮಾಡಿಸಿ, ಆಮೇಲೆ ಮುಂದಿನದು. ಹಂತಗಳನ್ನು ಒಂದು ಕಾರ್ಡಿನಲ್ಲಿ ಬರೆದುಕೊಡಿ. ಮೊದಲ ವಾರ ಜನ ಕಡಿಮೆ ಇರುವ ಹೊತ್ತಲ್ಲೇ ಕೌಂಟರಿಗೆ ಬಿಡಿ.

ಕೊನೆಯಲ್ಲಿ ಇನ್ನೊಬ್ಬರು ಚೆಕ್ ಮಾಡುವ ನಿಯಮವನ್ನು ಯಾರಿಗೂ ಸಡಿಲಿಸಬೇಡಿ. ತಪ್ಪು ಸಿಕ್ಕರೆ ಪಕ್ಕಕ್ಕೆ ಕರೆದು, ಡಬ್ಬಿ ಚೀಟಿ ಎರಡನ್ನೂ ಮುಂದಿಟ್ಟು, ಎಲ್ಲಿ ಕಣ್ಣು ತಪ್ಪಿತು ಎಂದು ಅವರ ಬಾಯಿಂದಲೇ ಹೇಳಿಸಿ.