ರಾಸ್ಪ್‌ಬೆರಿ ಪೈ ಬರುವ ಮುನ್ನ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳು

ಫೆಬ್ರುವರಿ 2012: ಅಂಗಡಿಗೆ ಇನ್ನೂ ಬಾರದ ಒಂದು ಪುಟ್ಟ ಕಂಪ್ಯೂಟರ್‌ಗಾಗಿ ಲೋಕದ ಹವ್ಯಾಸಿಗಳೆಲ್ಲ ದಿನ ಎಣಿಸುತ್ತಿದ್ದಾರೆ. ಹೆಸರು ರಾಸ್ಪ್‌ಬೆರಿ ಪೈ. ಎಟಿಎಂ ಕಾರ್ಡಿನಷ್ಟೇ ಉದ್ದಗಲ. ಬೆಲೆ 35 ಡಾಲರ್, ಈಗಿನ ಲೆಕ್ಕದಲ್ಲಿ ಸುಮಾರು 1,750 ರೂಪಾಯಿ. ಕಳೆದ ತಿಂಗಳು ಇದರ ಹತ್ತು ಪರೀಕ್ಷಾ ಬೋರ್ಡ್‌ಗಳನ್ನು ಇಬೇಯಲ್ಲಿ ಹರಾಜಿಗಿಟ್ಟಾಗ ಒಟ್ಟು 16,000 ಪೌಂಡ್‌ಗೂ ಹೆಚ್ಚು ಹಣ ಬಂತು. ಕ್ರಮಸಂಖ್ಯೆ 01 ಇದ್ದ ಬೋರ್ಡ್ ಒಂದೇ 3,500 ಪೌಂಡ್‌ಗೆ ಹೋಯಿತು.

ಈ ಉತ್ಸಾಹ ಬರೀ ಅಗ್ಗದ ಬೆಲೆಯಿಂದ ಹುಟ್ಟಿದ್ದಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿಜ್ಞಾನ ಓದಲು ಅರ್ಜಿ ಹಾಕುವವರ ಸಂಖ್ಯೆಯೂ ಅವರಿಗೆ ಬರುವ ಪ್ರೋಗ್ರಾಮಿಂಗ್ ಮಟ್ಟವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಅಲ್ಲಿ ಪಾಠ ಹೇಳುತ್ತಿದ್ದ ಎಬೆನ್ ಅಪ್ಟನ್ ಮತ್ತು ಸಹೋದ್ಯೋಗಿಗಳ ಕಣ್ಣಿಗೆ ಬಿತ್ತು. 1980ರ ದಶಕದ ಬ್ರಿಟಿಷ್ ಮಕ್ಕಳು ಬಿಬಿಸಿ ಮೈಕ್ರೊದಂಥ ಕಂಪ್ಯೂಟರ್ ಆನ್ ಮಾಡಿದರೆ ಪ್ರೋಗ್ರಾಂ ಬರೆಯುವ ಪರದೆಯೇ ಎದುರಿಗೆ ಬರುತ್ತಿತ್ತು. ಇಂದಿನ ಮಕ್ಕಳಿಗೆ ಆ ಬಾಗಿಲು ಮುಚ್ಚಿದೆ. ಮನೆಯವರ ಕಂಪ್ಯೂಟರ್ ಕೆಟ್ಟೀತೆಂಬ ಅಂಜಿಕೆಯಿಲ್ಲದೆ ಮಕ್ಕಳು ಬಿಚ್ಚಿ ನೋಡಬಹುದಾದ, ತಪ್ಪು ಮಾಡಿ ಕಲಿಯಬಹುದಾದ ಯಂತ್ರ ಬೇಕೆಂದು 2009ರಲ್ಲಿ ರಾಸ್ಪ್‌ಬೆರಿ ಪೈ ಫೌಂಡೇಶನ್ ಎಂಬ ದತ್ತಿ ಸಂಸ್ಥೆ ಹುಟ್ಟಿಕೊಂಡಿತು. ಬೋರ್ಡಿನ ಎರಡು ಮಾದರಿಗಳಿಗೆ ಇಟ್ಟಿರುವ ಎ ಮತ್ತು ಬಿ ಎಂಬ ಹೆಸರುಗಳೂ ಬಿಬಿಸಿ ಮೈಕ್ರೊದಿಂದಲೇ ಬಂದವು. ಮೊದಲು ಮಾರುಕಟ್ಟೆಗೆ ಬರುವುದು 35 ಡಾಲರಿನ ಬಿ. 25 ಡಾಲರಿನ ಎ ಆಮೇಲೆ.

ಮೊದಲ ಕಂತಿನಲ್ಲಿ ತಯಾರಾಗುತ್ತಿರುವುದು 10,000 ಬೋರ್ಡ್‌ಗಳು ಮಾತ್ರ. ನಮ್ಮಲ್ಲಿ ಹಲವರು ಕಾಯಲೇಬೇಕಾಗುತ್ತದೆ. ಆದರೆ ಪೈ ಬರುವುದು ಬರಿಯ ಬೋರ್ಡ್ ಆಗಿ. ಪೆಟ್ಟಿಗೆಯಿಲ್ಲ, ಚಾರ್ಜರ್ ಇಲ್ಲ, ಹಾರ್ಡ್‌ಡಿಸ್ಕ್ ಇಲ್ಲ, ಆನ್-ಆಫ್ ಸ್ವಿಚ್ಚೂ ಇಲ್ಲ. ಅದರ ಸುತ್ತ ಬೇಕಾದ ಎಲ್ಲವನ್ನೂ, ಮುಖ್ಯವಾಗಿ ಅದನ್ನು ನಡೆಸುವ ವಿದ್ಯೆಯನ್ನು, ಇಂದಿನಿಂದಲೇ ಕೂಡಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಪರದೆ ಯಾವುದು?

ನಮ್ಮ ಮನೆಗಳಲ್ಲಿ ಹೆಚ್ಚಿನವರು ಎಡವುವ ಜಾಗ ಇದು, ಹಾಗಾಗಿ ಇಲ್ಲಿಂದಲೇ ಆರಂಭಿಸಿ. ಪೈಯಲ್ಲಿ ವಿಜಿಎ ಕಿಂಡಿ ಇಲ್ಲ. ಹದಿನೈದು ಸೂಜಿಗಳ ನೀಲಿ ತುದಿಯ ಕೇಬಲ್ ಇರುವ ಹಳೆಯ ಮಾನಿಟರ್ ಇದಕ್ಕೆ ನೇರವಾಗಿ ಕೂಡುವುದಿಲ್ಲ. ಇರುವುದು ಎರಡು ದಾರಿ. ಟಿವಿ ಅಥವಾ ಮಾನಿಟರ್‌ನಲ್ಲಿ ಎಚ್‌ಡಿಎಂಐ ಇದ್ದರೆ ಒಂದೇ ಕೇಬಲ್ ಸಾಕು. ಡಿವಿಐ ಇದ್ದರೆ ಎಚ್‌ಡಿಎಂಐ-ಡಿವಿಐ ಕೇಬಲ್ ಕೊಳ್ಳಿ, ಆಗ ಧ್ವನಿಯನ್ನು ಮಾತ್ರ ಬೇರೆ ತಂತಿಯಲ್ಲಿ ತೆಗೆದುಕೊಳ್ಳಬೇಕು. ಎರಡನೆಯ ದಾರಿ, ಡಿವಿಡಿ ಪ್ಲೇಯರ್ ಸಿಕ್ಕಿಸುವ ಹಳದಿ ಕಿಂಡಿ ಇರುವ ಮಾಮೂಲಿ ಟಿವಿ. ಅಕ್ಷರಗಳು ಅಷ್ಟು ಚೊಕ್ಕವಾಗಿ ಮೂಡುವುದಿಲ್ಲ, ಆದರೆ ಕಲಿಕೆಗೆ ಅಡ್ಡಿಯಿಲ್ಲ. ಮನೆಯ ಟಿವಿಯ ಹಿಂಭಾಗವನ್ನು ಇಂದೇ ಒಮ್ಮೆ ನೋಡಿಬಿಡಿ.

ಎರಡನೆಯದು: ವಿದ್ಯುತ್ತು, ಕಾರ್ಡು, ಕೀಲಿಮಣೆ

ಈಗಿನ ಅನೇಕ ಮೊಬೈಲ್‌ಗಳಿಗೆ ಬರುವ ಮೈಕ್ರೊ ಯುಎಸ್‌ಬಿ ಚಾರ್ಜರ್ ಪೈಗೂ ಆಗುತ್ತದೆ. ಎಲ್ಲವೂ ಆಗುವುದಿಲ್ಲ. ಚಾರ್ಜರನ್ನು ತಿರುಗಿಸಿ, ‘ಔಟ್‌ಪುಟ್’ ಎಂಬ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದಿ. 5 ವೋಲ್ಟ್ ಇರಲೇಬೇಕು. ಅದರ ಪಕ್ಕದ ಸಂಖ್ಯೆ 700 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. 1 ಆಂಪಿಯರ್ ಎಂದಿದ್ದರೆ ನಿಶ್ಚಿಂತೆ. 500 ಎಂದಿರುವುದನ್ನು ಪಕ್ಕಕ್ಕಿಡಿ. ಕಂಪ್ಯೂಟರ್ ಆನ್ ಆದಂತೆ ಕಂಡರೂ ಕೀಲಿಮಣೆ ಕೈಕೊಡುವುದು, ನಡುವೆ ತಾನಾಗಿ ನಿಲ್ಲುವುದು ಮುಂತಾದ ಕಾಟಗಳ ಬೇರು ಬಹುಪಾಲು ಇಂಥ ಬಡ ಚಾರ್ಜರ್‌ನಲ್ಲೇ ಇರುತ್ತದೆ.

ಹಾರ್ಡ್‌ಡಿಸ್ಕ್‌ನ ಕೆಲಸವನ್ನು ಕ್ಯಾಮೆರಾದ ಎಸ್‌ಡಿ ಕಾರ್ಡ್ ಮಾಡುತ್ತದೆ. 2 ಜಿಬಿಗಿಂತ ಚಿಕ್ಕದು ಬೇಡ, 4 ಜಿಬಿ ಹದವಾದ ಗಾತ್ರ. ಕೀಲಿಮಣೆ ಮತ್ತು ಮೌಸ್ ಯುಎಸ್‌ಬಿಯವೇ ಆಗಬೇಕು, ಹಳೆಯ ದುಂಡು ತುದಿಯವು ನಡೆಯುವುದಿಲ್ಲ. ಬಿ ಮಾದರಿಯ ಎರಡು ಯುಎಸ್‌ಬಿ ಕಿಂಡಿಗಳು ಇವೆರಡಕ್ಕೇ ಮುಗಿಯುತ್ತವೆ. ಪೆನ್‌ಡ್ರೈವ್ ಬೇಕೆಂದರೆ ಒಂದು ಕಿಂಡಿಯನ್ನು ಹಲವಾಗಿಸುವ, ಸ್ವಂತ ಅಡಾಪ್ಟರ್ ಇರುವ ಹಬ್ ಕೊಳ್ಳಿ. ವೈಫೈ ಇಲ್ಲದ್ದರಿಂದ ನೆಟ್‌ವರ್ಕ್ ಕೇಬಲ್ ಒಂದಿರಲಿ.

ಮೂರನೆಯದು: ಲಿನಕ್ಸ್ ಜೊತೆ ಸಲುಗೆ

ನನ್ನ ಮಟ್ಟಿಗೆ ಕಾಯುವ ಸಮಯದ ಅತಿ ಒಳ್ಳೆಯ ಬಳಕೆ ಇದು. ಪೈಯಲ್ಲಿ ವಿಂಡೋಸ್ ಓಡುವುದಿಲ್ಲ. ಅದರ ಬದಲು ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶವೇ ಲಿನಕ್ಸ್. ಡೆಬಿಯನ್, ಫೆಡೋರಾ, ಆರ್ಚ್ ಎಂಬ ಲಿನಕ್ಸ್ ಆವೃತ್ತಿಗಳು ಅದಕ್ಕಾಗಿ ಸಿದ್ಧವಾಗುತ್ತಿವೆ. ಇನ್ನೊಂದು ಲಿನಕ್ಸ್ ಆವೃತ್ತಿಯಾದ ಉಬುಂಟುವೇ ಬೇಕೆಂದು ಹಟ ಹಿಡಿಯಬೇಡಿ. ಪೈಯ 700 ಮೆಗಾಹರ್ಟ್ಸ್ ಪ್ರೊಸೆಸರ್ ಎಆರ್‌ಎಂ ವಿನ್ಯಾಸದ ಆರನೆಯ ಪೀಳಿಗೆಯದು, ಉಬುಂಟು ಏಳನೆಯದನ್ನು ಬೇಡುತ್ತದೆ.

ಮನೆಯ ಕಂಪ್ಯೂಟರ್‌ನಲ್ಲಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಂಡು ಅದರೊಳಗೆ ಡೆಬಿಯನ್ ಸ್ಥಾಪಿಸಿ. ಮೆಮೊರಿ ಎಷ್ಟು ಎಂದು ಕೇಳಿದಾಗ ಧಾರಾಳ ತೋರಿಸದೆ 192 ಎಂಬಿ ಎಂದು ಕೊಡಿ. ಬಿ ಮಾದರಿಯಲ್ಲಿರುವುದು ಒಟ್ಟು 256 ಎಂಬಿ, ಅದರಲ್ಲಿ ಚಿತ್ರ ಮೂಡಿಸುವ ಭಾಗಕ್ಕೂ ಪಾಲು ಹೋಗುತ್ತದೆ. ಹಗುರಾದ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್ ಆರಿಸಿಕೊಳ್ಳಿ. ಬ್ರೌಸರ್‌ನಲ್ಲಿ ನಾಲ್ಕಾರು ಪುಟ ತೆರೆದರೆ ಯಂತ್ರ ಹೇಗೆ ಏದುಸಿರು ಬಿಡುತ್ತದೆ, ಆಜ್ಞೆಗಳನ್ನು ಟೈಪ್ ಮಾಡುವ ಬರಿಯ ಟರ್ಮಿನಲ್‌ನಲ್ಲಿ ಎಷ್ಟು ಚುರುಕಾಗಿರುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಹೊಸ ಲ್ಯಾಪ್‌ಟಾಪ್‌ನ ವೇಗವನ್ನು ಪೈಯಿಂದ ನಿರೀಕ್ಷಿಸುವವರ ಆಸೆಗೆ ಇದೊಂದು ಒಳ್ಳೆಯ ಅಳತೆಗೋಲು. ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರು ಎಆರ್‌ಎಂ ಪ್ರೊಸೆಸರ್ ಅನ್ನೇ ಅನುಕರಿಸುವ ಕ್ಯೂಎಮು ತಂತ್ರಾಂಶವನ್ನು ಪ್ರಯತ್ನಿಸಬಹುದು. ಅದು ನಿಧಾನ, ತಾಳ್ಮೆ ಬೇಕು.

ಡೆಬಿಯನ್‌ನಲ್ಲಿ ಕನ್ನಡ ಓದಲು ಅದರ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿಕೊಳ್ಳಿ. ಕೇದಗೆ ಮತ್ತು ಮಲ್ಲಿಗೆ ಅದರಲ್ಲಿವೆ. 35 ಡಾಲರಿನ ಯಂತ್ರದಲ್ಲಿ ಕನ್ನಡ ತೊಡಕಿಲ್ಲದೆ ಮೂಡಬೇಕು. ನಮ್ಮ ಹಳ್ಳಿಯ ಶಾಲೆಗೆ ಅದು ಹೋಗುವುದಾದರೆ ಮೊದಲು ಬೇಕಾದದ್ದೇ ಅದು.

ನಾಲ್ಕನೆಯದು: ಕಾರ್ಡಿಗೆ ಬರೆಯುವ ಅಭ್ಯಾಸ

ಪೈಗೆ ಬೇಕಾದ ಲಿನಕ್ಸ್ ಒಂದು ‘ಇಮೇಜ್’ ಕಡತವಾಗಿ, ಅಂದರೆ ಇಡೀ ಕಾರ್ಡಿನ ಪಡಿಯಚ್ಚಾಗಿ ಬರುತ್ತದೆ. ಅದನ್ನು ಕಾರ್ಡಿಗೆ ನಕಲು ಮಾಡಿ ಅಂಟಿಸಿದರೆ ಸಾಲದು, ಬಿಟ್ ಬಿಟ್ ಆಗಿ ಬರೆಯಬೇಕು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ‘ಡಿಡಿ’ ಎಂಬ ಆಜ್ಞೆಯಿದೆ, ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಎಂಬ ಉಚಿತ ತಂತ್ರಾಂಶ. ಡಿಡಿ ಬಳಸುವಾಗ ಡಿಸ್ಕಿನ ಹೆಸರನ್ನು ಎರಡು ಸಲ ಓದಿ. ಸಾಮಾನ್ಯವಾಗಿ ‘ಎಸ್‌ಡಿಎ’ ನಿಮ್ಮ ಹಾರ್ಡ್‌ಡಿಸ್ಕ್, ಕಾರ್ಡು ‘ಎಸ್‌ಡಿಬಿ’ ಅಥವಾ ಅದರ ಮುಂದಿನದು. ಒಂದಕ್ಷರ ತಪ್ಪಿದರೆ ಮನೆಯ ಫೋಟೊಗಳೆಲ್ಲ ಅಳಿಸಿಹೋಗುತ್ತವೆ, ಡಿಡಿ ನಿಮ್ಮನ್ನು ಮರುಪ್ರಶ್ನೆ ಕೇಳುವುದಿಲ್ಲ. ಕಾರ್ಡು ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಡಿಸ್ಕ್‌ಗಳ ಪಟ್ಟಿ ನೋಡಿ. ಹೊಸದಾಗಿ ಸೇರಿದ್ದೇ ಕಾರ್ಡು.

ಐದನೆಯದು: ಪೈಥಾನ್, ನಂತರ ಒಂದು ಎಲ್‌ಇಡಿ

ಪೈಯಲ್ಲಿ ಮಕ್ಕಳಿಗೆ ಕಲಿಸಲು ಸಂಸ್ಥೆ ಆರಿಸಿರುವ ಮುಖ್ಯ ಭಾಷೆ ಪೈಥಾನ್. ಕಂಪ್ಯೂಟರ್ 1ರಿಂದ 100ರೊಳಗೆ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು, ನೀವು ಊಹಿಸುವುದು, ಅದು ಹೆಚ್ಚು-ಕಡಿಮೆ ಎಂದು ಹೇಳುವುದು, ಇಂಥ ಆಟವೊಂದನ್ನು ಬರೆಯಲು ಹದಿನೈದು ಸಾಲು ಸಾಕು. ಷರತ್ತು, ಆವರ್ತನೆ, ಕೇಳುವುದು, ಹೇಳುವುದು ಎಲ್ಲ ಅದರಲ್ಲೇ ಬಂದುಹೋಗುತ್ತವೆ. ಪೈ ಕೈಗೆ ಬಂದ ದಿನ ಇದೇ ಆಟದಲ್ಲಿ ‘ಸರಿ’ ಎಂದು ಪರದೆಯ ಮೇಲೆ ಬರೆಯುವ ಬದಲು ಒಂದು ದೀಪ ಬೆಳಗಿಸಬಹುದು. ಬೋರ್ಡಿನ ಅಂಚಿನಲ್ಲಿರುವ 26 ಸೂಜಿಗಳ ಸಾಲು ಇರುವುದೇ ಇಂಥ ಕೆಲಸಕ್ಕೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಸರ್ಕಿಟ್ ಜೋಡಿಸುವ ಹಲಗೆ), ಕೆಂಪು ಎಲ್‌ಇಡಿ ಎಂಬ ಪುಟ್ಟ ದೀಪ, ವಿದ್ಯುತ್ ಹರಿವಿಗೆ ಮಿತಿ ಹಾಕುವ 330 ಓಮ್ ರೆಸಿಸ್ಟರ್ ತಂದಿಟ್ಟುಕೊಳ್ಳಿ. ಪೈಯ ಸೂಜಿ ಕೊಡುವುದು 3.3 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 1.3 ವೋಲ್ಟನ್ನು 330ರಿಂದ ಭಾಗಿಸಿದರೆ ಸುಮಾರು 4 ಮಿಲಿಆಂಪಿಯರ್, ದೀಪ ಕಾಣಲು ಅಷ್ಟು ಸಾಕು, ಚಿಪ್‌ಗೂ ಅಪಾಯವಿಲ್ಲ. ಸದ್ಯಕ್ಕೆ ಎರಡು ಪೆನ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 3 ವೋಲ್ಟ್ ಸಿಗುತ್ತದೆ, ಇದೇ ಸರ್ಕಿಟ್ಟನ್ನು ಅದರಲ್ಲಿ ಬೆಳಗಿಸಿ ನೋಡಿ. ಆರ್ಡುಯಿನೊ ಎಂಬ ಎಲೆಕ್ಟ್ರಾನಿಕ್ಸ್ ಬೋರ್ಡ್ ಬಳಸಿ ಪಳಗಿದವರಿಗೆ ಒಂದು ಮಾತು: ಅಲ್ಲಿನ 5 ವೋಲ್ಟ್ ಸಂಕೇತವನ್ನು ಪೈಯ ಸೂಜಿಗೆ ನೇರವಾಗಿ ಕೊಡಬಾರದು. ನಡುವೆ ರಕ್ಷಣೆಯೇನೂ ಇಲ್ಲ, ಚಿಪ್ ಸುಟ್ಟುಹೋಗಬಹುದು.

ಕೊಳ್ಳುವಾಗ

ಫೆಬ್ರುವರಿ ಕೊನೆಯ ಹೊತ್ತಿಗೆ ಮಾರಾಟ ಆರಂಭಿಸುವುದಾಗಿ ಫೌಂಡೇಶನ್ ಹೇಳಿದೆ. ನಿಮ್ಮ ಬ್ಯಾಂಕ್ ಕಾರ್ಡಿನಿಂದ ವಿದೇಶಕ್ಕೆ ಹಣ ಪಾವತಿಸಲು ಆಗುತ್ತದೆಯೇ ಎಂದು ಈಗಲೇ ಕೇಳಿಕೊಳ್ಳಿ. 35 ಡಾಲರಿಗೆ ಸಾಗಣೆ ವೆಚ್ಚ ಮತ್ತು ಸುಂಕ ಸೇರುತ್ತದೆ, ಆದ್ದರಿಂದ 1,750 ರೂಪಾಯಿಗಿಂತ ಹೆಚ್ಚೇ ತೆಗೆದಿಡಿ. ಮೊದಲ ಕಂತಿನಲ್ಲಿ ಸಿಗಲಿಲ್ಲವೆಂದು ಮರುಮಾರಾಟಗಾರರಿಗೆ ಎರಡು ಮೂರು ಪಟ್ಟು ಹಣ ಕೊಡಬೇಡಿ. ಇದು ಮಕ್ಕಳ ಕೈಗೆಟುಕುವ ಬೆಲೆಗೆಂದೇ ಮಾಡಿದ ಬೋರ್ಡು, ಮುಂದಿನ ಕಂತಿನಲ್ಲಿ ಅದೇ ಬೆಲೆಗೆ ಕೊಳ್ಳಿ.