ಪ್ರೆಸ್‌ನಲ್ಲಿ ಉಪಕಾರ ಹೇಳಲು ಕಲಿತದ್ದು: ನನ್ನ ಅನುಭವ

ಮೂರು ವರ್ಷದ ಹಿಂದೆ ನನ್ನ ಪ್ರಿಂಟಿಂಗ್ ಪ್ರೆಸ್‌ನ ಕೆಲಸದವರಿಗೆ ಉಪಕಾರ ಹೇಳಲು ಶುರು ಮಾಡಿದಾಗ ಮಂಗಳೂರಿನ ಯೆಯ್ಯಾಡಿ ಕಡೆಯ ಇನ್ನೊಬ್ಬ ಪ್ರೆಸ್‌ನವರು ಮುಖಕ್ಕೇ ಹೇಳಿದ್ದರು, "ಕೆಲಸದವರಿಗೆ ದಿನಾ ಥ್ಯಾಂಕ್ಸ್ ಹೇಳಿದ್ರೆ ತಲೆ ಮೇಲೆ ಹತ್ತಿ ಕೂರ್ತಾರೆ ಮಾರಾಯ್ರೆ." ಯಾರೂ ಕೂರಲಿಲ್ಲ. ತಪ್ಪಾದದ್ದನ್ನು ಮತ್ತೆ ಅಚ್ಚು ಹಾಕುವ ನನ್ನ ರೀಪ್ರಿಂಟ್ ಖರ್ಚು ಮಾತ್ರ ಇಳಿಯಿತು.

ಮಂಗಳೂರಿನಲ್ಲಿ ನಮ್ಮದು ಸಣ್ಣ ಆಫ್‌ಸೆಟ್, ಏಳು ಜನ. ಮದುವೆ ಕಾಗದ, ಬಿಲ್ ಬುಕ್, ನೇಮದ (ಭೂತಾರಾಧನೆಯ) ಆಮಂತ್ರಣ, ಇಂಥದ್ದೇ ಕೆಲಸ. ಆ ವರ್ಷ ಒಂದು ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಬಂತು, 3,000 ಪ್ರತಿ. ತಾರೀಕು ಸರಿ ಇತ್ತು, ವಾರ ತಪ್ಪಿತ್ತು. ಪ್ಲೇಟು, ಆರ್ಟ್ ಪೇಪರ್, ಮಡಿಸಿದ ಕೂಲಿ ಎಲ್ಲ ಸೇರಿ 22-23 ಸಾವಿರ ಹೋಯಿತು. ಎಲ್ಲರಿಗೂ ಬೈದೆ. ಸಂಜೆ ಬೈಂಡಿಂಗ್‌ನ ಅಕ್ಕ ಮೆಲ್ಲಗೆ ಹೇಳಿದರು, "ನನಗೆ ಮಡಿಸುವಾಗಲೇ ಕಂಡಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹಿಂದೊಮ್ಮೆ ಹೇಳಿದ್ದಕ್ಕೆ, ನಿಮ್ಮ ಕೆಲಸ ನೀವು ನೋಡಿ ಅಂದಿದ್ರಿ."

ನನಗೆ ನೆನಪೇ ಇರಲಿಲ್ಲ. ಅವರಿಗೆ ಅವತ್ತು ಮಡಿಸುತ್ತಿದ್ದದ್ದು ಯಾರ ಮದುವೆ ಕಾಗದ ಅನ್ನುವುದೂ ನೆನಪಿತ್ತು. ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಮಾಡಿದ್ದೆಲ್ಲ ಕೆಟ್ಟಿತು. ತಿಂಗಳಿಗೊಬ್ಬರ ಫೋಟೋ ಹಾಕಿ 1,000 ರೂಪಾಯಿ ಕೊಟ್ಟೆ. ಮೂರನೇ ತಿಂಗಳಿಗೆ ಕಟ್ಟಿಂಗ್‌ನವರು ಮೆಶಿನ್‌ನವರ ಹತ್ತಿರ ಮಾತು ಬಿಟ್ಟರು. ಆಮೇಲೆ ಶನಿವಾರ ಚಹಾ ಕುಡಿಯುವಾಗ ಎಲ್ಲರಿಗೂ ಒಟ್ಟಿಗೆ ಧನ್ಯವಾದ ಹೇಳಿ ನೋಡಿದೆ. ಧನ್ಯವಾದ ಅಂದ್ರೆ ನಮ್ಮಲ್ಲಿ ಸಭೆ ಮುಗಿದು ಜನ ಕುರ್ಚಿ ಬಿಟ್ಟು ಏಳುವಾಗ ಮೈಕ್‌ನಲ್ಲಿ ಕೇಳುವ ಮಾತು ಅಲ್ವಾ, ಎಲ್ಲರೂ ಮೊಬೈಲ್ ನೋಡುತ್ತಾ ನಿಂತರು. ಇನ್ನೊಂದು ದೊಡ್ಡ ತಪ್ಪು, ಹೊಗಳಿದ ಬೆನ್ನಿಗೇ ಓವರ್‌ಟೈಮ್ ಕೇಳುತ್ತಿದ್ದೆ. ನಾನು ಥ್ಯಾಂಕ್ಸ್ ಅಂದ್ರೆ ಇವತ್ತು ಮನೆಗೆ ಹೋಗುವುದು ಲೇಟು ಅಂತಲೇ ಅವರು ಲೆಕ್ಕ ಹಾಕಿಕೊಂಡಿದ್ದರು.

ಕೊನೆಗೆ ಹಿಡಿದದ್ದು ಇದು. ಅದೇ ದಿನ, ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ, ಆ ಹಾಳೆಯನ್ನೇ ಕೈಯಲ್ಲಿ ಹಿಡಿದು, ಏನು ಮಾಡಿದಿರಿ, ಅದರಿಂದ ನನಗೆ ಏನು ಉಳಿಯಿತು ಅಂತ ಹೇಳುವುದು. ತುಳುವಿನಲ್ಲೇ ಹೇಳುತ್ತೇನೆ, "ಮಲ್ಲ ಉಪಕಾರ ಆಂಡ್," ಅಂದ್ರೆ ದೊಡ್ಡ ಉಪಕಾರ ಆಯಿತು. ಹೇಳಿ ಹೊರಟುಬಿಡುತ್ತೇನೆ, ಬೇರೆ ಕೆಲಸದ ಮಾತು ಆಡುವುದಿಲ್ಲ. ಪ್ರತಿ ಕೆಲಸದ ವಿವರ ಬರೆಯುವ ಜಾಬ್ ಕಾರ್ಡ್‌ನ ಹಿಂದೆ ತಪ್ಪು ಹಿಡಿದವರ ಹೆಸರು ಬರೆಯುತ್ತೇನೆ. ತಪ್ಪು ಮಾಡಿದವರ ಹೆಸರು ಬರೆಯುವುದಿಲ್ಲ.

ಆರು ವಾರ ಏನೂ ಆಗಲಿಲ್ಲ. ಏಳನೇ ವಾರವೋ ಏನೋ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗ ಓಡುತ್ತಿದ್ದ ಮೆಶಿನ್ ನಿಲ್ಲಿಸಿದ. ಬಿಲ್ ಬುಕ್‌ನಲ್ಲಿ ಜಿಎಸ್‌ಟಿ ನಂಬರ್ ಒಂದು ಅಂಕೆ ಕಡಿಮೆ ಇತ್ತು. ಇಂಕ್ ಹತ್ತಿದ ಬೆರಳು ಇಟ್ಟು ತೋರಿಸುವಾಗ ಅವನ ಕೈ ನಡುಗುತ್ತಿತ್ತು. ಹೋದದ್ದು 40-50 ಹಾಳೆ ಮಾತ್ರ. ಅವತ್ತು ನಾನು ಉಪಕಾರ ಹೇಳಿದ್ದನ್ನು ಎಲ್ಲರೂ ನೋಡಿದರು. ಅಲ್ಲಿಂದ ದಾರಿ ಬದಲಾಯಿತು.

ಮೊದಲು ರೀಪ್ರಿಂಟ್‌ಗೆ ತಿಂಗಳಿಗೆ ಸರಾಸರಿ 15 ಸಾವಿರ ಹೋಗುತ್ತಿತ್ತು, ಈಗ ನಾಲ್ಕೈದು. ಎರಡು ವರ್ಷದಿಂದ ಯಾರೂ ಬಿಟ್ಟು ಹೋಗಿಲ್ಲ. ನಮ್ಮಂಥ ಸಣ್ಣ ಪ್ರೆಸ್‌ಗಳಲ್ಲಿ ಹೀಗೆ ಜಾಸ್ತಿ ಕಡೆ ಇಲ್ಲ, ಧೈರ್ಯದಿಂದ ಹೇಳುತ್ತೇನೆ. ಸಂಬಳ ಸರಿಯಾದ ದಿನ ಕೊಡದೆ ಬರೀ ಮಾತು ಹೇಳಿದರೆ ಮಾತ್ರ ಇದು ನಡೆಯುವುದಿಲ್ಲ. ಹಳೇ ಆಪರೇಟರ್‌ಗೆ ಹೊಗಳಿದರೆ ಸಿಟ್ಟು ಬರುತ್ತದೆ, ಅವರಿಗೆ ಬೇರೆ ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಪೇಪರ್ ಡೀಲರ್ ಮೇಲೂ ಪ್ರಯೋಗ ಮಾಡಿದೆ. ಅವಸರಕ್ಕೆ ಎರಡು ರೀಮ್ ಕಳಿಸಿದಾಗ ಮರುದಿನ ಸುಮ್ನೆ ಫೋನ್ ಮಾಡಿ, "ನಿನ್ನೆ ನಿಮ್ಮಿಂದ ಮರ್ಯಾದೆ ಉಳಿಯಿತು" ಅಂದೆ. ರೇಟ್ ಒಂದು ಪೈಸೆ ಇಳಿಯಲಿಲ್ಲ, ಆದರೆ ಈಗ ಮದುವೆ ಸೀಸನ್‌ನಲ್ಲೂ ನನ್ನ ಲೋಡ್ ಮೊದಲು ಬರುತ್ತದೆ.

ಕಳೆದ ಜುಲೈ 1ಕ್ಕೆ ಇನ್ನೊಂದು ಮಾಡಿದೆ. 1843ರಲ್ಲಿ ನಮ್ಮೂರಿನಿಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟ ದಿನ ಅಂತ ಅವತ್ತು ಪತ್ರಕರ್ತರಿಗೆ ಸನ್ಮಾನ ಇರುತ್ತದೆ. ಅದನ್ನು ಕಲ್ಲಚ್ಚಿನಲ್ಲಿ ಒತ್ತಿದ ಕೈಗಳ ಹೆಸರು ಯಾರೂ ಎತ್ತುವುದಿಲ್ಲ. ನಾನು ನನಗೆ ಕೆಲಸ ಕಲಿಸಿದ ಹಳೇ ಕಂಪೋಸಿಟರ್ (ಅಚ್ಚುಮೊಳೆ ಜೋಡಿಸುವವರು) ಮನೆಗೆ ಹೋದೆ. ಅವರಿಗೆ 80 ದಾಟಿದೆ. "ಅಚ್ಚುಮೊಳೆ ಉಲ್ಟಾ ಓದಲು ನೀವು ಕಲಿಸಿದಿರಿ, ಪ್ರೂಫ್ ಕೊನೆಯಿಂದ ಓದು ಅಂದಿರಿ, ಇವತ್ತಿಗೂ ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ" ಅಂದೆ. ಅವರು ಏನೂ ಹೇಳದೆ ಒಳಗೆ ಹೋಗಿ ಮೊಳೆ ಜೋಡಿಸಲು ಕೈಯಲ್ಲಿ ಹಿಡಿಯುವ ಕಂಪೋಸಿಂಗ್ ಸ್ಟಿಕ್ ತಂದು ನನ್ನ ಕೈಗೆ ಕೊಟ್ಟರು. ಹಿಡಿಯುವ ಜಾಗ ಸವೆದು ಹೊಳೆಯುತ್ತಿತ್ತು.

"ಈಗ ನಿನ್ನಲ್ಲಿ ತಪ್ಪು ಹಿಡಿಯುವುದು ಯಾರು?"

ಬೈಂಡಿಂಗ್‌ನ ಅಕ್ಕನ ವಿಷಯ ಹೇಳಿದೆ. "ಅವಳನ್ನೊಮ್ಮೆ ಕರ್ಕೊಂಡು ಬಾ" ಅಂದರು. ಮುಂದಿನ ಭಾನುವಾರವೇ ಇಬ್ಬರೂ ಹೋದೆವು.